ಕೈ ತೆಗೀರಿ

ನನ್ನ ಕನ್ನಡದ ಬಗ್ಗೆ ನನಗೆ ವಿಪರೀತ ಜಂಬವಿತ್ತು. ಜೆ.ಪಿ. ನಗರದಲ್ಲಿ ಆಸ್ಪತ್ರೆಯ ಉಪಕರಣಗಳನ್ನು ಜೋಡಿಸುವ ಸಣ್ಣ ಕಂಪನಿಯೊಂದರಲ್ಲಿ ನಾನು ಎಂಜಿನಿಯರ್. ನವೆಂಬರ್ ಬಂತೆಂದರೆ ರಾಜ್ಯೋತ್ಸವದ ಭಾಷಣ ನನ್ನದೇ. ಬ್ಯಾನರಿನಲ್ಲಿ ಒಂದು ಒತ್ತಕ್ಷರ ತಪ್ಪಿದ್ದರೂ ಪೇಂಟರನ್ನು ಕರೆಸಿ ಜಗಳವಾಡುತ್ತಿದ್ದೆ. ಹಾಗಾಗಿ, ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದಾಗ, ನಮ್ಮ ಮಾಲೀಕರು ಹೊಸ ಯಂತ್ರವೊಂದನ್ನು ನನ್ನ ಮೇಜಿನ ಮೇಲಿಟ್ಟು "ಇದಕ್ಕೆ ಕನ್ನಡ ಕಲಿಸ್ಬೇಕು, ನೀವೇ ಸರಿ" ಎಂದದ್ದು ನನಗೇನೂ ಆಶ್ಚರ್ಯವೆನಿಸಲಿಲ್ಲ.

ಟಿಫನ್ ಕ್ಯಾರಿಯರ್‌ಗಿಂತ ಸ್ವಲ್ಪ ದೊಡ್ಡ ಡಬ್ಬಿ ಅದು. ಹೆಸರು ಡಿಫಿಬ್ರಿಲೇಟರ್. ಯಾರಾದರೂ ಇದ್ದಕ್ಕಿದ್ದಂತೆ ಕುಸಿದುಬಿದ್ದು ಉಸಿರು ನಿಂತಾಗ ಎಷ್ಟೋ ಸಲ ಹೃದಯ ಪೂರ್ತಿ ನಿಂತಿರುವುದಿಲ್ಲ, ಲಯ ತಪ್ಪಿ ಸುಮ್ಮನೆ ನಡುಗುತ್ತಿರುತ್ತದೆ. ಎದೆಗೆ ಎರಡು ಪಟ್ಟಿ ಅಂಟಿಸಿದರೆ ಡಬ್ಬಿ ಅದನ್ನು ಗುರುತಿಸಿ ಒಂದು ಗುಂಡಿ ಮಿನುಗಿಸುತ್ತದೆ, ಅದನ್ನು ಒತ್ತಿದರೆ ಶಾಕ್ ಕೊಟ್ಟು ಲಯಕ್ಕೆ ತರಲು ನೋಡುತ್ತದೆ. ಡಾಕ್ಟರೇ ಬೇಕೆಂದಿಲ್ಲ. ಏನು ಮಾಡಬೇಕೆಂದು ಅದೇ ಬಾಯಿಬಿಟ್ಟು ಹೇಳುವುದರಿಂದ ದಾರಿಹೋಕರೂ ಬಳಸಬಹುದು. ಆದರೆ ಅದು ಹೇಳುತ್ತಿದ್ದದ್ದು ಇಂಗ್ಲಿಷಿನಲ್ಲಿ, ಅದೂ ಮೂಗಿನಿಂದ. ಬನಶಂಕರಿ ಬಸ್ ಸ್ಟ್ಯಾಂಡಿನಲ್ಲಿ ಅದನ್ನು ಕೇಳಿ ಯಾರು ಏನು ಮಾಡಿಯಾರು?

ಶಾಕ್ ಹೋಗುವಾಗ ಬಿದ್ದವರನ್ನು ಯಾರೂ ಮುಟ್ಟಿಕೊಂಡಿರಬಾರದು. ಎಲ್ಲಕ್ಕಿಂತ ಮುಖ್ಯವಾದ ಸೂಚನೆ ಅದೇ. ನಾನು ಬರೆದೆ: "ಈಗ ವಿದ್ಯುದಾಘಾತ ನೀಡಲಾಗುವುದು, ದಯವಿಟ್ಟು ರೋಗಿಯಿಂದ ದೂರ ಸರಿಯಿರಿ." ಡಬ್ಬಿಯೊಳಗಿನ ಚಿಪ್‌ನಲ್ಲಿ ಅಷ್ಟು ಜಾಗವಿರಲಿಲ್ಲ. ವಿದ್ಯುದಾಘಾತ ಹೋಯಿತು, ದಯವಿಟ್ಟು ಹೋಯಿತು, ರೋಗಿಯೂ ಹೋದ. ಕೊನೆಗೆ ಉಳಿದದ್ದು ಒಂದೇ ಪದ, "ಸರಿಯಿರಿ." ಅದನ್ನು ನನ್ನದೇ ಗಂಭೀರ ದನಿಯಲ್ಲಿ ರೆಕಾರ್ಡ್ ಮಾಡಿಸಿದೆ.

ಮೊದಲ ಡಬ್ಬಿಯನ್ನು ಪ್ರಯೋಗಕ್ಕೆಂದು ಜಯನಗರದಲ್ಲಿ ನಮ್ಮ ಬಡಾವಣೆಯ ಸಂಘದ ಹಾಲ್‌ನಲ್ಲಿ ಇಟ್ಟೆವು. ನನ್ನ ಹೆಂಡತಿ ವಾರಕ್ಕೆರಡು ಸಂಜೆ ಭಜನೆಗೆ ಹೋಗುತ್ತಿದ್ದ ಹಾಲ್ ಅದು. ಕಾರ್ಯದರ್ಶಿಗಳು ಬೆಲೆಬಾಳುವ ವಸ್ತು ಎಂದು ಬೀರುವಿನಲ್ಲಿಟ್ಟು ಬೀಗ ಹಾಕಲು ಹೊರಟಿದ್ದರು. "ಹೃದಯ ನಿಂತವರು ನಿಮ್ಮ ಬೀಗದ ಕೈಗೆ ಕಾಯ್ತಾರಾ ಸಾರ್?" ಎಂದು ರೇಗಿ, ಎಲ್ಲರ ಕಣ್ಣಿಗೂ ಬೀಳುವಂತೆ ಚಪ್ಪಲಿ ಸ್ಟ್ಯಾಂಡಿನ ಮೇಲಿನ ಗೋಡೆಗೆ ನೇತುಹಾಕಿಸಿದೆ.

ಆಮೇಲೆ ರಬ್ಬರ್ ಬೊಂಬೆ ಮಲಗಿಸಿ ಅಭ್ಯಾಸ. ಮೊದಲು ಮುಂದೆ ಬಂದವರು ಹಾಲ್‌ನ ವಾಚ್‌ಮನ್. ಬಾಗಲಕೋಟೆ ಕಡೆಯವರು, ಬಿಟಿಎಂನಲ್ಲಿ ರೂಮು ಮಾಡಿಕೊಂಡಿದ್ದರು. ಬೊಂಬೆಯ ಎದೆ ಒತ್ತಿದರು, ಪಟ್ಟಿ ಅಂಟಿಸಿದರು, ಎಲ್ಲ ಚೊಕ್ಕವಾಗಿ ಮಾಡಿದರು. ಡಬ್ಬಿ ನನ್ನ ದನಿಯಲ್ಲಿ "ಸರಿಯಿರಿ" ಎಂದಿತು. ಅವರ ಮುಖ ಅರಳಿತು. ಎರಡೂ ಕೈಗಳನ್ನು ಬೊಂಬೆಯ ಎದೆಯ ಮೇಲಿಟ್ಟು ಕೂತುಬಿಟ್ಟರು.

"ಕೈ ಯಾಕ್ರೀ ಇಟ್ರಿ?" ಎಂದು ಕೂಗಿದೆ.

"ಸರಿ ರೀ ಅಂತಲ್ರೀ ಸಾಹೇಬ್ರ. ಎಲ್ಲಾ ಬರೋಬರಿ ಐತಿ ಅಂತ ಅದ ಹೇಳಾಕತ್ತೈತಿ."

"ನಿಮಗೆ ಕನ್ನಡ ಬರಲ್ವೇನ್ರೀ?"

"ನಮ್ದೂ ಕನ್ನಡಾನ ಐತ್ರೀ," ಎಂದರು ಅವರು, ಶಾಂತವಾಗಿ.

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನಿಜವಾದ ಮನುಷ್ಯ ಬಿದ್ದು, ಪಕ್ಕದವರು ಯಾರಾದರೂ ಗುಂಡಿ ಒತ್ತಿದ್ದರೆ ನನ್ನ ವ್ಯಾಕರಣದ ದೆಸೆಯಿಂದ ಆ ವಾಚ್‌ಮನ್ ಶಾಕ್ ತಿನ್ನುತ್ತಿದ್ದರು. ಅದು ಗೊತ್ತಿದ್ದೂ ಮನೆಗೆ ಬಂದು ತಪ್ಪೆಲ್ಲ ಅವರದೇ ಎಂಬಂತೆ ಹೆಂಡತಿಗೆ ವರದಿ ಒಪ್ಪಿಸತೊಡಗಿದೆ. ಅಂದು ಶುಕ್ರವಾರ. ಆಕೆ ಹಪ್ಪಳ ಕರಿಯುತ್ತಿದ್ದಳು. ಮಾತಾಡುತ್ತಲೇ ನನ್ನ ಕೈ ತಟ್ಟೆಯ ಕಡೆ ಹೋಯಿತು.

"ಕೈ ತೆಗೀರಿ! ಇನ್ನೂ ನೈವೇದ್ಯ ಆಗಿಲ್ಲ," ಎಂದಳು. ನಂತರ ಒಲೆ ಸಣ್ಣ ಮಾಡಿ ನನ್ನ ಕಡೆ ತಿರುಗಿದಳು. "ಅವರದ್ದೇನು ತಪ್ಪು? ಅವಸರದಲ್ಲಿ ಯಾರಾದ್ರೂ ಸರಿಯಿರಿ ಅಂತಾರಾ? ಕೈ ತೆಗೀರಿ ಅನ್ನಿ. ಬೀದರ್‌ನಿಂದ ಬಿಳೇಕಹಳ್ಳಿವರೆಗೂ ಅರ್ಥ ಆಗತ್ತೆ. ನಿಮಗೊಬ್ರಿಗೆ ಆಗಲ್ಲ ಅಷ್ಟೆ. ಮದುವೆ ಆದಾಗಿಂದ ಹೇಳ್ತಿದೀನಿ, ಒಂದಿನಾನೂ ತೆಗೆದಿಲ್ಲ."

ಅಷ್ಟರಲ್ಲಿ ಹಪ್ಪಳ ನನ್ನ ಬಾಯಲ್ಲಿತ್ತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ, ನನ್ನ ಮದ್ದು ಅಡುಗೆಮನೆಯಲ್ಲೇ ಇತ್ತು.

ಮರುದಿನ ಆಫೀಸಿನಲ್ಲಿ ನಾನೇ "ಕೈ ತೆಗೀರಿ" ಎಂದು ನಾಲ್ಕೈದು ಸಲ ಹೇಳಿ ನೋಡಿದೆ. ಭಾಷಣದಂತೆ ಕೇಳಿಸಿತು. "ಹೇಳಿದ್ದು ಮನೆಯವರಲ್ವಾ? ಅವರ ಕೈಲೇ ಹೇಳಿಸಿ," ಎಂದರು ಮಾಲೀಕರು. ಮಲಗುವ ಕೋಣೆಯ ಕಿಟಕಿಗೆ ರಜಾಯಿ ಕಟ್ಟಿ ರೆಕಾರ್ಡಿಂಗ್ ನಡೆಸಿದೆವು. ಪಕ್ಕದ ಮನೆಯ ಕುಕ್ಕರ್ ಎರಡು ಸಲ ಕೆಡಿಸಿತು. ಮೂರನೇ ಸಲ ಆಕೆಗೆ ನಿಜವಾಗಿಯೇ ಸಿಟ್ಟು ಬಂದಿತ್ತು. ಅದನ್ನೇ ಉಳಿಸಿಕೊಂಡೆವು. ಹಾಲ್‌ನಲ್ಲಿ ಮತ್ತೆ ಅಭ್ಯಾಸ ನಡೆದಾಗ ಡಬ್ಬಿ ಗದರಿದ್ದೇ ತಡ, ಬೊಂಬೆಯ ಸುತ್ತ ಕೂತಿದ್ದ ಅಷ್ಟೂ ಜನ ಬೆಂಕಿ ತಗುಲಿದಂತೆ ಕೈ ಎಳೆದುಕೊಂಡರು. ವಾಚ್‌ಮನ್ ನನ್ನ ಕಡೆ ನೋಡಿ, "ಈಗ ಕನ್ನಡ ಬಂತ್ರೀ," ಎಂದರು. ಯಾರಿಗೆ ಬಂತೆಂದು ನಾನು ಕೇಳಲು ಹೋಗಲಿಲ್ಲ.

ಅದಾಗಿ ಕೆಲವು ತಿಂಗಳ ಮೇಲೆ, ಒಂದು ಸಂಜೆ, ಭಜನೆ ಮುಗಿಸಿದ ಹೆಂಡತಿಯನ್ನು ಕರೆದುಕೊಂಡು ಹೋಗಲು ಸ್ಕೂಟರಿನಲ್ಲಿ ಬಂದು ಹಾಲ್‌ನ ಗೇಟಿನ ಮುಂದೆ ನಿಂತಿದ್ದೆ. ಹೆಂಗಸರ ಮಾತು ಮುಗಿದಿರಲಿಲ್ಲ. ಎರಡು ಸಲ ಹಾರ್ನ್ ಹೊಡೆದೆ. ಕೋಪ ನನಗೆ ಮೂಗಿನ ತುದಿಯಲ್ಲೇ. "ಬಂದೆ, ಬಂದೆ," ಎನ್ನುತ್ತ ಆಕೆ ಚಪ್ಪಲಿಗೆ ಕಾಲು ತೂರಿಸಲು ಬಾಗಿದಳು. ಮತ್ತೆ ಏಳಲಿಲ್ಲ.

ಓಡಿದೆ. ಕಣ್ಣು ಅರ್ಧ ತೆರೆದಿತ್ತು, ಉಸಿರಿರಲಿಲ್ಲ. ಎಷ್ಟೋ ಜನರಿಗೆ ಕಲಿಸಿದ್ದ ನನಗೆ ಆ ಹೊತ್ತು ಏನೊಂದೂ ನೆನಪಾಗಲಿಲ್ಲ. ಆಕೆಯ ಕೈ ಹಿಡಿದು ಹೆಸರು ಕೂಗುತ್ತ ಕೂತೆ, ಅಷ್ಟೆ. ಎದೆ ಒತ್ತಲು ಶುರುಮಾಡಿದವರು ವಾಚ್‌ಮನ್. ಭಜನೆಯ ಹೆಂಗಸರು ಜಮಖಾನ ಎತ್ತಿಹಿಡಿದು ಮರೆ ಮಾಡಿದರು. ಅವರಲ್ಲೊಬ್ಬರು ಗೋಡೆಯ ಡಬ್ಬಿ ಇಳಿಸಿ, ಅದರ ಜೊತೆಗಿದ್ದ ಕತ್ತರಿಯಿಂದ ರವಿಕೆ ಕತ್ತರಿಸಿ ಪಟ್ಟಿ ಅಂಟಿಸಿದರು. ಇನ್ನೊಬ್ಬರು ಆಂಬುಲೆನ್ಸಿಗೆ ಫೋನ್ ಮಾಡಲು ಒಳಗೆ ಓಡಿದರು.

ಆಗ ನನ್ನ ಹೆಂಡತಿ ಮಾತಾಡಿದಳು. ನೆಲದ ಮೇಲೆ ಮಲಗಿದ್ದವಳಲ್ಲ, ಡಬ್ಬಿಯೊಳಗಿದ್ದವಳು.

"ಕೈ ತೆಗೀರಿ!"

ಎಲ್ಲರೂ ತೆಗೆದರು. ನಾನು ತೆಗೆಯಲಿಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ನಿಯಮ ಬರೆದವನೇ ನಾನು, ಆದರೆ ಕೈ ಬಿಟ್ಟರೆ ಆಕೆ ಹೊರಟೇಹೋಗುತ್ತಾಳೆ ಎಂದು ನನಗೆ ಭಯವಾಗಿತ್ತು. ವಾಚ್‌ಮನ್ ಮಿನುಗುವ ಗುಂಡಿಯ ಮೇಲೆ ಬೆರಳು ಹಿಡಿದು ನನ್ನನ್ನೇ ನೋಡುತ್ತಿದ್ದರು.

"ಸಾಹೇಬ್ರ," ಎಂದರು, "ಅಕ್ಕಾರ ಹೇಳಾಕತ್ತಾರ್ರೀ."

ಡಬ್ಬಿ ಇನ್ನೊಮ್ಮೆ ಗದರಿತು. ಮದುವೆಯಾದ ಮೇಲೆ ಮೊದಲ ಬಾರಿಗೆ ನಾನು ಆಕೆಯ ಮಾತು ಕೇಳಿ ಕೈ ತೆಗೆದೆ.

ಅವರು ಗುಂಡಿ ಒತ್ತಿದರು, ಆಕೆಯ ಮೈ ಒಮ್ಮೆ ಅದುರಿತು. ವಾಚ್‌ಮನ್ ಮತ್ತೆ ಎದೆ ಒತ್ತತೊಡಗಿದರು. ಎಷ್ಟು ಹೊತ್ತೋ ನನಗೆ ಗೊತ್ತಿಲ್ಲ. ಆಮೇಲೆ ಆಕೆ ನರಳಿದಳು, ಕೈಯಿಂದ ಅವರನ್ನು ತಳ್ಳಲು ನೋಡಿದಳು. ನಾನು ಚಪ್ಪಲಿಗಳ ನಡುವೆ ಕೂತು, ಅಷ್ಟು ಹೆಂಗಸರ ಎದುರಿಗೆ, ಬಿಕ್ಕಿ ಬಿಕ್ಕಿ ಅತ್ತೆ. ನಾಚಿಕೆಯೇನೂ ಆಗಲಿಲ್ಲ.

ಆಸ್ಪತ್ರೆಯಲ್ಲಿ ಎರಡು ದಿನ ಆಕೆಗೆ ಮಂಪರು. ಮಾತು ಬರುತ್ತದೋ ಇಲ್ಲವೋ, ನನ್ನ ಗುರುತು ಹಿಡಿಯುತ್ತಾಳೋ ಇಲ್ಲವೋ, ಅದೊಂದೇ ನನ್ನ ಯೋಚನೆ. ಡಾಕ್ಟರು ಕಾಯಬೇಕು ಎಂದಷ್ಟೇ ಹೇಳಿದ್ದರು. ಕೈ ಹಿಡಿದುಕೊಂಡೇ ಕೂತಿದ್ದೆ. ಮೂರನೆಯ ಬೆಳಿಗ್ಗೆ ಕಣ್ಣು ಬಿಟ್ಟಳು. ಮೇಲಿನ ಫ್ಯಾನ್ ನೋಡಿದಳು, ಡ್ರಿಪ್ ನೋಡಿದಳು, ಆಮೇಲೆ ನನ್ನ ಕಡೆ ತಿರುಗಿದಳು.

"ಕೈ ತೆಗೀರಿ," ಎಂದಳು, ದನಿ ಒಡೆದುಹೋಗಿತ್ತು. "ಸೂಜಿ ಚುಚ್ತಿದೆ."

ಎದೆಯ ಮೇಲಿದ್ದ ಭಾರವೆಲ್ಲ ಇಳಿದುಹೋಯಿತು. ತಕ್ಷಣ ಕೈ ತೆಗೆದೆ. ಮಂಚ ಸುತ್ತಿಕೊಂಡು ಆ ಬದಿಗೆ ಹೋಗಿ, ಸೂಜಿಯಿಲ್ಲದ ಕೈ ಹಿಡಿದುಕೊಂಡು ಕೂತೆ.