ಒಂದು ಬೆಂಚಿನಿಂದ ಮಸ್ಕತ್

ಮಸ್ಕತ್ ಶಹರವನ್ನು ಇಡೀ ಒಂದು ದಿನ ನೋಡಿ ಬಂದವಳು ನಾನು. ನೋಡಿದ್ದು ಒಂದು ಕಲ್ಲುಬೆಂಚನ್ನು. ನಗುವವರು ನಗಲಿ. ವಿಜಾಪುರದಲ್ಲಿ ಇಷ್ಟು ವರ್ಷ ಸಂಸಾರ ಮಾಡಿದ್ದೇನೆ; ಗೋಳಗುಮ್ಮಟದ ಬಾಗಿಲವರೆಗೆ ಹೋದದ್ದು ಒಂದೇ ಸಲ, ಅದೂ ಮೇಲೆ ಹತ್ತಿದ ಬೀಗರ ಚಪ್ಪಲಿ ಕಾಯಲು. ಹಾಗೆಂದು ಆ ಊರು ನನಗೆ ಗೊತ್ತಿಲ್ಲ ಎಂದು ಯಾರಾದರೂ ಅನ್ನಲಿ ನೋಡೋಣ.

ನಮ್ಮ ಮನೆಯವರ ಮತ ಬೇರೆ. ಅವರು ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಊರೆಂದರೆ ಅವರಿಗೆ ನಿಲ್ದಾಣಗಳ ಸಾಲು: ಬಂತು, ನಿಂತಿತು, ಸೀಟಿ ಊದು, ಮುಂದೆ ನಡಿ. ಮದುವೆಯಾದಂದಿನಿಂದ ನನಗಿಂತ ನಾಲ್ಕು ಮಾರು ಮುಂದೆಯೇ ನಡೆದಿದ್ದಾರೆ. ಅವರ ಮುಖಕ್ಕಿಂತ ಬೆನ್ನೇ ನನಗೆ ಹೆಚ್ಚು ಪರಿಚಯ.

ಮಗ ಮಸ್ಕತ್ತಿನ ವಾದಿ ಕಬೀರ್ ಬಡಾವಣೆಯ ಗ್ಯಾರೇಜೊಂದರಲ್ಲಿ ಸೂಪರ್‌ವೈಸರ್, ಮನೆಯೂ ಅಲ್ಲೇ. ಶನಿವಾರ ಈ ದೇಶದ ಸರಕಾರಿ ಮಂದಿಗೆ ರಜೆ, ಗ್ಯಾರೇಜಿನವರಿಗೆ ಇಲ್ಲ. ಕೆಲಸಕ್ಕೆ ಹೋಗುವಾಗ ನಮ್ಮಿಬ್ಬರನ್ನು ಮತ್ರಾದ ಸಮುದ್ರದಂಡೆಯಲ್ಲಿ ಇಳಿಸಿ ಸಂಜೆ ಕರೆದೊಯ್ಯುವುದೆಂದು ಮಾತಾಗಿತ್ತು. ಊರಿಂದ ತಂದ ಖಡಕ್ ರೊಟ್ಟಿ ತೆಗೆದು, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ ಜೊತೆಗಿಟ್ಟು ಗಂಟು ಕಟ್ಟಿದೆ. ಸೊಸೆ ಸುಮ್ಮನಿರಲಿಲ್ಲ.

“ಅತ್ತಿ, ಇಲ್ಲಿ ಹಿಂಗ ಗಂಟ ಕಟ್ಕೊಂಡ್ ಯಾರೂ ತಿರಗಂಗಿಲ್ರಿ. ಹೋಟೆಲ್ ಅದಾವ, ಅಲ್ಲೇ ಉಣ್ರಿ. ಮಂದಿ ನೋಡಿ ನಗ್ತಾರ.”

“ನಗೋ ಮಂದೀಗೆ ಒಂದೊಂದ್ ರೊಟ್ಟಿ ಕೊಡ್ತೀನಿ ತಗೊ. ಬಾಯಿ ತುಂಬಿದ್ರ ನಗಾಕ ಆಗಂಗಿಲ್ಲ.”

“ಈ ಊರಾಗ ನಿಮ್ಮ ರೊಟ್ಟಿ ಯಾರ್ ತಿಂತಾರ? ಹ್ವಾದಂಗ ವಾಪಸ್ ಬರ್ತಾವ, ನೋಡ್ರಿ.”

“ಒಂದ್ ರೊಟ್ಟಿ ವಾಪಸ್ ಬಂದ್ರೂ ಇನ್ಮ್ಯಾಲೆ ನೀ ಹೇಳಿದ ಹೋಟೆಲ್‌ನಾಗ ಉಣ್ತೀನಿ. ತುಟಿ ಪಿಟಕ್ ಅನ್ನಂಗಿಲ್ಲ.”

ಅಂದುಬಿಟ್ಟೆ. ನಾನು ಓದಿದ್ದು ಮೂರನೆಯ ಇಯತ್ತೆ. ಸಹಿ ಮಾಡುವಾಗ ಈಗಲೂ ಬೆವರುತ್ತೇನೆ. ಆದರೆ ನನ್ನ ರೊಟ್ಟಿ ಯಾರ ತಟ್ಟೆಯಿಂದಲೂ ತಿರುಗಿ ಬಂದದ್ದಿಲ್ಲ. ನನ್ನ ಪದವಿ ಅಂದರೆ ಅದೊಂದೇ. ಅದನ್ನೇ ಪಣಕ್ಕಿಟ್ಟು ಕಾರು ಹತ್ತಿದೆ.

ಮತ್ರಾದಲ್ಲಿ ಇಳಿದದ್ದೇ ನಮ್ಮವರು ಸೀಟಿ ಇಲ್ಲದ ಕಂಡಕ್ಟರಾದರು. “ಅಲ್ಲಿ ಮೀನಿನ ಪ್ಯಾಟಿ, ಇಲ್ಲಿ ಸೂಕ್, ಮ್ಯಾಲೆ ಕ್ವಾಟಿ, ಆಚೆ ಗುಡ್ಡದ ಮ್ಯಾಲೆ ಲೋಬಾನದ ಕುಂಡದಂಗ ಕಟ್ಟಿದ ಗೋಪುರ. ಯಲ್ಲಾ, ನಡಿ ನಡಿ!” ಯಲ್ಲಾ ಎಂಬ ಅರಬ್ಬಿಯ ‘ನಡಿ’ಯನ್ನು ಬಂದ ವಾರದಲ್ಲೇ ಕಲಿತಿದ್ದರು, ಅವರ ಕಸುಬಿಗೆ ಹೇಳಿ ಮಾಡಿಸಿದ ಮಾತು. ಸೂಕ್ ಅಂದರೆ ಇಲ್ಲಿಯ ಪೇಟೆ ಓಣಿ. ಅದರ ಬಾಯಿಗೆ ಬರುವಷ್ಟರಲ್ಲಿ ನನ್ನ ಮೊಣಕಾಲು ಖಲಾಸ್. “ನೀವ್ ನೋಡ್ಕೊಂಡ್ ಬರ್ರಿ,” ಎಂದು ಸಮುದ್ರಕ್ಕೆ ಮುಖ ಮಾಡಿದ್ದ ಬೆಂಚಿನ ಮೇಲೆ ಕೂತೆ. ಅವರ ಬೆನ್ನು ಗುಂಪಿನಲ್ಲಿ ಕರಗಿತು.

ಬೆಂಚಿನ ಇನ್ನೊಂದು ತುದಿಯಲ್ಲಿ ನನ್ನ ವಯಸ್ಸಿನ ಒಬ್ಬ ಒಮಾನಿ ಮುದುಕಿ, ಜೊತೆಗೆ ಕಾಲೇಜು ವಯಸ್ಸಿನ ಮೊಮ್ಮಗಳು. ಪಕ್ಕದಲ್ಲಿ ಬಟ್ಟೆಯ ಗಂಟು! ಸೊಸೆಯನ್ನು ಅಲ್ಲೇ ಕರೆಸಿ ತೋರಿಸಬೇಕೆನಿಸಿತು. ಆ ಗಂಟಿನಿಂದ ಫ್ಲಾಸ್ಕು ಬಂತು, ಖರ್ಜೂರದ ಡಬ್ಬಿ ಬಂತು. ನಾನು ಯಾರು ಏನು ಎಂದು ಕೇಳದೆ ಮುದುಕಿ ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಕಾವಾ ಸುರಿದು ಕೊಟ್ಟಳು. ಕಾವಾ ಅವರ ಕಾಫಿ. ಹಾಲಿಲ್ಲ, ಸಕ್ಕರೆಯಿಲ್ಲ, ಏಲಕ್ಕಿ ಮಾತ್ರ. ನಮ್ಮಲ್ಲಿ ಇಂಥದ್ದನ್ನು ಜ್ವರ ಬಂದವರಿಗೆ ಕುಡಿಸುತ್ತೇವೆ. ಖರ್ಜೂರ ಕಚ್ಚಿಕೊಂಡು ಕುಡಿದೆ. ಆಗ ರುಚಿ ಹತ್ತಿತು. ಬಟ್ಟಲು ಬರಿದಾದದ್ದೇ ಮತ್ತೆ ಸುರಿದಳು.

ಉಪಚಾರದಲ್ಲಿ ಕೆಣಕಿದರೆ ನಾನು ಬಿಡುವವಳಲ್ಲ. ಗಂಟು ಬಿಚ್ಚಿ, ರೊಟ್ಟಿಯ ಮೇಲೆ ಎಣ್ಣೆಗಾಯಿ ಇಟ್ಟು ಅವಳ ಕೈಗೆ ಕೊಟ್ಟೆ. ಅವಳು ಮೂಸಲಿಲ್ಲ, ತಿರುಗಿಸಿ ನೋಡಲಿಲ್ಲ. ಮುರಿದಳು. ಚಟ್ ಎಂದಿತು. “ರಖಾಲ್!” ಎಂದು ಮೊಮ್ಮಗಳ ಕಡೆ ತಿರುಗಿದಳು. ಹುಡುಗಿಗೆ ಅರ್ಧಂಬರ್ಧ ಹಿಂದಿ, ನನಗೆ ವಿಜಾಪುರದ ಉರ್ದು, ಕೆಲಸ ನಡೆಯಿತು. ರಖಾಲ್ ಅಂದರೆ ಅವರ ತೆಳ್ಳನೆಯ ರೊಟ್ಟಿಯಂತೆ, ಅದೂ ಹೀಗೇ ಮುರಿಯುತ್ತದಂತೆ. ಆದರೆ ದಾದಿ, ಅಂದರೆ ಅವಳ ಅಜ್ಜಿ, ಮಾಡುವುದಕ್ಕಿಂತ ಇದು ಖಡಕ್ಕಂತೆ, ದಾದಿಯೇ ಹೇಳುತ್ತಿದ್ದಾಳಂತೆ. ಆ ಮಾತನ್ನು ಇನ್ನೊಮ್ಮೆ ಹೇಳಿಸಿದೆ. ನನ್ನ ಕಿವಿ ಮಂದವೇನಲ್ಲ.

ಆಮೇಲೆ ನಡೆದದ್ದು ಯುದ್ಧ. ನಮ್ಮ ಕಡೆ ಉಣ್ಣುವವರು ಸಾಕೆಂದು ಕೈ ಅಡ್ಡ ಹಿಡಿದರೆ ಆ ಕೈಯ ಮೇಲೇ ರೊಟ್ಟಿ ಹಾಕುತ್ತೇವೆ. ಇವರಲ್ಲಿ ಸಾಕಾದವರು ಬಟ್ಟಲನ್ನು ಅತ್ತಿತ್ತ ಅಲ್ಲಾಡಿಸಿ ಕೊಡಬೇಕು. ಅಲ್ಲಿಯವರೆಗೆ ಸುರಿಯುತ್ತಲೇ ಇರುತ್ತಾರೆ. ಇದನ್ನು ನನಗೆ ಯಾರೂ ಹೇಳಲಿಲ್ಲ. ಮೊಮ್ಮಗಳು ಅಲ್ಲಾಡಿಸಿದ್ದನ್ನು ನೋಡಿಯೇ ತಿಳಿದುಕೊಂಡೆ. ತಿಳಿದೂ ಅಲ್ಲಾಡಿಸಲಿಲ್ಲ. ಗಂಟಿನಲ್ಲಿ ಇನ್ನೂ ರೊಟ್ಟಿ ಇದ್ದವು. ಅವಳು ಸುರಿದಳು, ನಾನು ಹಾಕಿದೆ. ಖಲಾಸ್ ಎಂಬ ಮಾತು ಅವಳ ಅರಬ್ಬಿಯಲ್ಲೂ ಇದೆ, ನಮ್ಮ ಮಾತಿನಲ್ಲೂ ಇದೆ; ಇಬ್ಬರ ಬಾಯಿಂದಲೂ ಹೊರಡಲಿಲ್ಲ. ನಡುವೆ ಅವಳು ತನ್ನ ಮೊಣಕಾಲು ತೋರಿಸಿದಳು, ನಾನು ನನ್ನದು ತೋರಿಸಿದೆ. ಸೊಸೆಯ ವಿಷಯವನ್ನೂ ಸನ್ನೆಯಲ್ಲೇ ಹೇಳಿದೆ. ಅವಳಿಗೆ ಇಬ್ಬರಿದ್ದರು.

ಕೊನೆಗೆ ಫ್ಲಾಸ್ಕು ಬಗ್ಗಿಸಿದರೆ ಹನಿ ಬೀಳಲಿಲ್ಲ. ಮುದುಕಿ ಅದನ್ನು ತಲೆಕೆಳಗು ಮಾಡಿ ತೋರಿಸಿ, ನಕ್ಕು, “ಖಲಾಸ್” ಎಂದಳು.

ಗೆದ್ದೆ. ಆದರೆ ನನ್ನ ಗಂಟಿನಲ್ಲಿ ಒಂದು ರೊಟ್ಟಿ ಉಳಿದಿತ್ತು. ಇಲ್ಲಿ ಗೆಲ್ಲಿಸಿದ ಅದೇ ರೊಟ್ಟಿ ಮನೆಯಲ್ಲಿ ಸೊಸೆಯ ಮುಂದೆ ನನ್ನನ್ನು ಸೋಲಿಸುತ್ತದೆ. ಮುದುಕಿಯ ಹೊಟ್ಟೆ ತುಂಬಿದೆ, ನನ್ನದು ಕಾವಾದಿಂದ ಕೊಡದಂತಾಗಿದೆ. ಸಮುದ್ರದ ಹಕ್ಕಿಗೆ ಎಸೆಯೋಣವೆಂದರೆ ಅದು ಮೋಸ.

ಅಷ್ಟರಲ್ಲಿ ಬೆನ್ನಿನ ಬದಲು ಮುಖ ಕಾಣಿಸಿತು. ನಮ್ಮವರು ಬೆವೆತು, ಕಾಲೆಳೆಯುತ್ತ ಬಂದು ಪಕ್ಕದಲ್ಲೇ ಕೂತರು, ಪ್ರೀತಿಯಿಂದಲ್ಲ, ನೋವಿಗೆ.

“ಎಲ್ಲಾ ನೋಡಿದ್ರ್ಯಾ? ಉಂಡ್ರೇನು?”

“ನೋಡೂದ್ರಾಗ ಹೊತ್ತ ಹೋತು, ಉಣ್ಣೂದೆಲ್ಲಿ? ಏನರ ಉಳದೈತೇನ?”

ಆ ರೊಟ್ಟಿ ಎರಡು ಮುರಿತಕ್ಕೆ ಮುಗಿಯಿತು. ಮುದುಕಿ ನನ್ನ ಗಂಟಿನ ಬರಿದಾದ ಬಟ್ಟೆಯನ್ನು ಎಳೆದುಕೊಂಡು, ಡಬ್ಬಿಯ ಖರ್ಜೂರವನ್ನೆಲ್ಲ ಅದಕ್ಕೆ ಸುರಿದು ಗಂಟು ಹಾಕಿದಳು. ಬರಿದಾಗಿ ಮರಳಿಸಬಾರದೆಂಬುದು ಅವಳಿಗೂ ಗೊತ್ತು.

ಮನೆಯಲ್ಲಿ ಸೊಸೆ ಮೊದಲು ಎತ್ತಿ ನೋಡಿದ್ದು ಗಂಟನ್ನು. ಭಾರವಾಗಿತ್ತು. “ನಾ ಹೇಳಿದ್ದಿಲ್ರಿ ಅತ್ತಿ? ಹ್ವಾದಂಗ ಬಂದಾವ!”

“ಬಿಚ್ಚ ನೋಡು.”

ಬಿಚ್ಚಿದಳು. ನೋಡಿದಳು. ಒಂದು ಖರ್ಜೂರ ಬಾಯಿಗೆ ಹಾಕಿಕೊಂಡಳು. ಬಾಯಿ ತುಂಬಿತ್ತು, ನಗಲು ಆಗಲಿಲ್ಲ.

ಒಳಗೆ ನಮ್ಮವರು ಕೋಟೆ, ಕುಂಡ, ಮೀನು ಎಲ್ಲವನ್ನೂ ನಿಲ್ದಾಣದ ಪ್ರಕಾರ ಒಪ್ಪಿಸುತ್ತಿದ್ದರು. ಅದು ಮುಗಿದ ಮೇಲೆ ಮಗ ಅಲ್ಲಿಂದಲೇ ಕೂಗಿದ: “ಅವ್ವಾ, ಮುಂದಿನ ಶನಿವಾರ ಯಾವ ಊರ್ ನೋಡ್ತಿ?”

“ಅದ ಬೆಂಚು,” ಅಂದೆ. “ಆಕಿ ದೊಡ್ಡ ಫ್ಲಾಸ್ಕ್ ತರ್ತೀನಂದಾಳ.”