ಹಳೆ ಲಾರಿಗೆ ಪಳಗಿದ ಕೈ

ಹಳೆ ಲಾರಿಗಳನ್ನು ಓಡಿಸುವ ಸುಖವೇ ಬೇರೆ ಎಂದು ಯಾರಾದರೂ ಹೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಹಾಗೆ ಹೇಳುವವರು ಅವನ್ನು ರಸ್ತೆ ಬದಿಯಲ್ಲಿ ನಿಂತು ನೋಡಿದವರು.

ಎಪ್ಪತ್ತರ ದಶಕದಲ್ಲಿ ನಾನು ಬೋಳಾರದ ಕಾರ್ಖಾನೆಯೊಂದರಿಂದ ಹೆಂಚು ಸಾಗಿಸುವ ಲಾರಿಗೆ ಡ್ರೈವರ್ ಆಗಿ ಸೇರಿದೆ. ಇಂಜಿನ್ ಮೊಣಕಾಲಿನ ಪಕ್ಕದಲ್ಲೇ; ಬೇಸಿಗೆಯಲ್ಲಿ ಎಡಗಾಲು ಬೇಯುತ್ತಿತ್ತು. ಗೇರು ಬದಲಿಸಲು ಎರಡೆರಡು ಸಲ ಕ್ಲಚ್ ಒತ್ತಬೇಕು. ಲೋಡು ಇದ್ದಾಗ ಕಾರ್ಖಾನೆಯ ಗೇಟಿನ ಎದುರಿನ ಇಕ್ಕಟ್ಟು ತಿರುವಿನಲ್ಲಿ ಸೀಟಿನಿಂದ ಅರ್ಧ ಎದ್ದು, ಮೈಭಾರವನ್ನೆಲ್ಲ ಸ್ಟೇರಿಂಗಿನ ಮೇಲೆ ಹಾಕಬೇಕಿತ್ತು. ಕಾವೂರಿನ ಮನೆ ಸೇರಿದಾಗ ತುತ್ತು ಎತ್ತಲಿಕ್ಕೂ ಭುಜ ಏಳುತ್ತಿರಲಿಲ್ಲ. ಹೆಂಡತಿ ಎಣ್ಣೆ ತಿಕ್ಕುತ್ತಾ, ಬೇರೆ ಕೆಲಸ ನೋಡಿ ಎನ್ನುತ್ತಿದ್ದಳು. ನನಗೆ ಬೇರೆ ಎಂತ ಗೊತ್ತಿತ್ತು?

ಎಂಬತ್ತರ ದಶಕದ ನಡುವೆ ಲಾರಿಯ ಮಾಲೀಕರು, ನಾವು ಧಣಿಗಳು ಎನ್ನುತ್ತಿದ್ದವರು, ಪವರ್ ಸ್ಟೇರಿಂಗಿನ ಹೊಸ ಲಾರಿ ತಂದರು. ಹಳಬ ಎಂದು ಮೊದಲು ನನಗೇ ಕೊಟ್ಟರು. ಅದೇ ತಿರುವಿನಲ್ಲಿ ನಾನು ಅಭ್ಯಾಸದಂತೆ ಎರಡೂ ಕೈಯಲ್ಲಿ ಜಗ್ಗಿದೆ. ಲಾರಿ ಬೇಕಾದದ್ದಕ್ಕಿಂತ ಹೆಚ್ಚು ತಿರುಗಿ ಗೇಟಿನ ಕಂಬಕ್ಕೆ ಉಜ್ಜಿತು. ಬಂಪರಿನ ಬಣ್ಣ ಹೋದದ್ದು ಬಿಟ್ಟರೆ ಎಂತದೂ ಆಗಲಿಲ್ಲ. ನಾಲ್ಕು ದಿನ ಕೊಡಿ, ಕೈ ಹಗುರ ಮಾಡಿಕೊಳ್ಳುತ್ತೇನೆ ಎಂದು ಕೇಳಿಕೊಂಡೆ. ಧಣಿಗಳು ಬೈಯಲಿಲ್ಲ, ಬೈದಿದ್ದರೇ ವಾಸಿಯಿತ್ತು.

"ನಿನ್ನ ಕೈ ಹಳೆ ಗಾಡಿಗೇ ಸರಿ ಮಾರಾಯ," ಎಂದರು. "ಅದನ್ನು ಎಳೆಯಲಿಕ್ಕೆ ಬೇರೆ ಯಾರಿದ್ದಾರೆ ಹೇಳು?"

ಹೊಸ ಲಾರಿ ಅವರ ತಂಗಿಯ ಮಗನ ಪಾಲಾಯಿತು. ಅವನಿಗೆ ಲೈಸೆನ್ಸ್ ಸಿಕ್ಕಿ ವರ್ಷ ತುಂಬಿರಲಿಲ್ಲ. ಏರು ರಸ್ತೆಯಲ್ಲಿ ನಾನು ಹೊಗೆ ಕಾರುತ್ತಾ ತೆವಳುವಾಗ ಅವನು ಒಂದು ಕೈ ಕಿಟಕಿಯ ಹೊರಗಿಟ್ಟು, ಹಾರ್ನ್ ಹೊಡೆದು ದಾಟಿ ಹೋಗುತ್ತಿದ್ದ. ಸಂಜೆ ಸಿಕ್ಕಿದಾಗ, ಅಣ್ಣ, ಇವತ್ತು ತಡವಾಯ್ತಾ ಎಂದು ಕೇಳುತ್ತಿದ್ದ. ಕೊಂಕಿನಿಂದಲ್ಲ, ನಿಜವಾಗಿಯೇ ಕೇಳುತ್ತಿದ್ದ. ಅದು ನನ್ನನ್ನು ಇನ್ನಷ್ಟು ಉರಿಸುತ್ತಿತ್ತು.

ದಶಕ ಮುಗಿಯುವ ಹೊತ್ತಿಗೆ ಹಳೆ ಲಾರಿ ಗುಜರಿಗೆ ಹೋಯಿತು. ಅವನಿಗೆ ಮತ್ತೊಂದು ಹೊಸ ಲಾರಿ ಬಂತು, ಅವನು ಬಿಟ್ಟದ್ದು ನನಗೆ. ಆಗ ಅದರ ಸ್ಟೇರಿಂಗ್ ಪಂಪು ಎಣ್ಣೆ ಸೋರಿ ಕೆಟ್ಟಿತ್ತು. ಪವರ್ ಹೋದ ಪವರ್ ಸ್ಟೇರಿಂಗ್ ಹಳೆಯದಕ್ಕಿಂತ ಭಾರ ಎಂಬುದು ಓಡಿಸಿದವನಿಗೆ ಮಾತ್ರ ಗೊತ್ತು. ರಿಪೇರಿ ಮಾಡಿಸಿ ಎಂದು ಹೇಳಿ ಹೇಳಿ ಸಾಕಾಯಿತು. ಮಳೆಗಾಲ ಮುಗಿಯಲಿ, ನೋಡುವ ಎಂದರು ಧಣಿಗಳು.

ಮಳೆಗಾಲ ಮುಗಿಯುವ ಮೊದಲೇ ನಾನು ಕೀ ಅವರ ಮೇಜಿನ ಮೇಲಿಟ್ಟು ಬಂದೆ. ಕಾಟಿಪಳ್ಳದಲ್ಲಿ ಭಾವನ ಟೆಂಪೋ ಓಡಿಸಲು ಸೇರಿದೆ. ಅದಕ್ಕೂ ಪವರ್ ಸ್ಟೇರಿಂಗ್ ಇರಲಿಲ್ಲ, ಆದರೆ ಸಣ್ಣ ಗಾಡಿ.