ಬೋರ್ಡಿಲ್ಲದ ಕೋಣೆ

ಪೇಂಟರ್ ಮಂಗಳವಾರ ಮಧ್ಯಾಹ್ನ ತೀರಿಕೊಂಡ. ಪ್ರೆಸ್ ಕಟ್ಟಡದ ಹಿಂದಿನ ಮೆಟ್ಟಿಲ ಮೇಲೆ, ಗೋಡೆಗೆ ಒರಗಿ ಕೂತಲ್ಲೇ ಹೋಗಿದ್ದ. ಹೃದಯ ನಿಂತಿತು ಎಂದರು ಡಾಕ್ಟರು. ಮಾತಾಡಿಸಲು ಬಂದವರಿಗೆಲ್ಲ ಹೆಂಡತಿ ಮೊದಲು ಹೇಳಿದ್ದು ಒಂದೇ ಮಾತು: “ಕುಡಿದಿರಲಿಲ್ಲ.”

ಆ ಬೀದಿಯ ಬೋರ್ಡುಗಳೆಲ್ಲ ಅವನ ಕೈಯವು. ಔಷಧಿ ಅಂಗಡಿ, ಹಲ್ಲಿನ ಡಾಕ್ಟರು, ಮೂಲೆಯ ಬಾರು. ಬಾರಿನ ಬೋರ್ಡು ಹಳೆಯದು, ಅಕ್ಷರ ಮುತ್ತಿನ ಹಾಗಿದ್ದವು. ಕನ್ನಡಕದ ಅಂಗಡಿಯದು ಆಮೇಲಿನದು. ಅದರಲ್ಲಿ ಸಾಲು ಏಣಿ ಜಾರಿದಂತೆ ಬಲಕ್ಕೆ ಇಳಿದಿತ್ತು. ಅಂಗಡಿಯವನು ಕತ್ತೆತ್ತಿ ನೋಡಿ, “ಗುರುವೇ, ಇದನ್ನ ನೋಡಿದೋರು ಕನ್ನಡಕ ಬದಲಾಯಿಸೋಕೆ ಒಳಗೇ ಬರ್ತಾರೆ. ವ್ಯಾಪಾರಕ್ಕೆ ಒಳ್ಳೇದೇ ಬಿಡು,” ಎಂದಿದ್ದ. ಪೇಂಟರ್ ನಕ್ಕ. ಆ ದಿನ ಸಂಜೆ ಬಾರಿನಲ್ಲಿ ಕೂತು, ಗ್ಲಾಸನ್ನು ಎರಡೂ ಕೈಯಿಂದ ಹಿಡಿದೆತ್ತಿದ.

ಮನೆಗೆ ಬಂದಾಗ ಬಾಗಿಲ ಪಕ್ಕ ಒಂದು ಚೀಲ ಕೂತಿತ್ತು.

“ಪ್ರೆಸ್ ಕಟ್ಟಡದಲ್ಲಿ ಕುಡಿತ ಬಿಡೋರು ಸೇರ್ತಾರಂತೆ, ಮಂಗಳವಾರ ಸಂಜೆ,” ಎಂದಳು ಹೆಂಡತಿ. “ಅಲ್ಲಿ ಕೂತು ಬನ್ನಿ. ಇಲ್ಲಾಂದ್ರೆ ನಾನು ತಮ್ಮನ ಮನೆಗೆ. ಹೆದರಿಸ್ತಿಲ್ಲ ರೀ. ಬಟ್ಟೆ ಮಡಿಸಿಟ್ಟಾಗಿದೆ.”

ಮಂಗಳವಾರ ಬಂತು. ಅವನು ಕಟ್ಟಡದ ಮುಂದೆ ಬಂದು, ಮುಂದೆ ಹೋಗಿ, ಮತ್ತೆ ತಿರುಗಿದ. ಬೀದಿಯ ತುಂಬ ತನ್ನದೇ ಅಕ್ಷರ, ಬೇಕಾದ ಜಾಗಕ್ಕೆ ಮಾತ್ರ ಬೋರ್ಡಿಲ್ಲ. ಯಾರನ್ನಾದರೂ ಕೇಳೋಣವೆಂದರೆ ನಾಲಿಗೆ ಮೇಲೇಳದು. ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡ, ಬೆವರೊರೆಸಿಕೊಂಡ, ಬಾರಿನ ಕಡೆ ನಾಲ್ಕು ಹೆಜ್ಜೆ ಹಾಕಿ ಚೀಲ ನೆನಪಾಗಿ ನಿಂತ. ಕೊನೆಗೆ ಕಣ್ಣುಮುಚ್ಚಿ ನೀರಿಗೆ ಬೀಳುವವನ ಹಾಗೆ ಮುಂಬಾಗಿಲಿಂದ ನುಗ್ಗಿದ.

ಮೊದಲ ಮಹಡಿಯ ಕೋಣೆಯೊಂದರಲ್ಲಿ ಜನ ದುಂಡಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಎಲ್ಲರ ಮುಖವೂ ಸೋತಿತ್ತು. ಇದೇ ಇರಬೇಕು. ಕೂತರೆ ಎದ್ದು ಓಡಿಬಿಡುತ್ತೇನೆಂದು ನಿಂತೇ ಹೇಳಿಬಿಟ್ಟ: “ನಾನು ಕುಡುಕ. ಬೆಳಿಗ್ಗೆ ಎದ್ದ ಕೂಡಲೇ ಬೇಕು. ಇಲ್ಲದಿದ್ರೆ ಬ್ರಷ್ ನಿಲ್ಲಲ್ಲ. ನನ್ ಹೆಂಡ್ತಿ ಚೀಲ ಕಟ್ಟಿಟ್ಟಿದ್ದಾಳೆ.”

ಮೂಲೆಯಿಂದ ಒಬ್ಬರು ಕೇಳಿದರು, “ಅದಿರಲಿ ಸ್ವಾಮಿ, ನಿಮ್ಮ ಬಾತ್‌ರೂಮಿನ ನೀರು ಯಾರ ಮನೆಗೆ ಸೋರ್ತಿದೆ?”

ಅದು ಕಟ್ಟಡದ ಮನೆಯವರ ಸಭೆ. ಪೇಂಟರ್‌ಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಮೆಟ್ಟಿಲು ಧಡಧಡ ಇಳಿಯುತ್ತಿದ್ದವನ ಹಿಂದೆ ಅಜ್ಜಿಯೊಬ್ಬಳು ಮೆಟ್ಟಿಲ ಕಂಬಿ ಹಿಡಿದು ಇಳಿದು ಬಂದಳು.

“ನಿಲ್ಲಪ್ಪ. ನನ್ ಮೊಣಕಾಲಿಗೆ ನಿನ್ನಷ್ಟು ಅವಸರ ಇಲ್ಲ. ನೀನು ಹುಡುಕ್ತಿರೋದು ಹಿಂದಿನ ಮೆಟ್ಟಿಲು, ತುದೀ ಕೋಣೆ.”

“ನಿಮಗೆ ಹೇಗೆ ಗೊತ್ತು ಅಜ್ಜಿ?”

“ನಮ್ಮ ಯಜಮಾನ್ರಿಗೆ ಎಷ್ಟು ಸಲ ಹೇಳಿದ್ದೆ. ಕೆಳಗಿನ ತನಕ ಬರೋರು, ತಿರುಗಿ ಹೋಗೋರು.” ಅವನು ಹಿಂದಿನ ಮೆಟ್ಟಿಲು ಹತ್ತಿ ಮುಗಿಯುವವರೆಗೆ ಅಜ್ಜಿ ಕೆಳಗೇ ನಿಂತಿದ್ದಳು.

ತುದಿಯ ಕೋಣೆಯ ಬಾಗಿಲು ಮುಚ್ಚಿತ್ತು. ಅದನ್ನು ತಳ್ಳುವುದು ಕಲ್ಲುಗುಂಡು ತಳ್ಳಿದಷ್ಟು ಕಷ್ಟವಾಯಿತೆಂದು ಅವನು ಆಮೇಲೂ ಹೇಳುತ್ತಿದ್ದ. ಒಳಗೆ ಮಡಚುವ ಕುರ್ಚಿಗಳು, ಹಾಲಿಲ್ಲದ ಚಹಾ, ಎಲ್ಲರಿಗಿಂತ ಹಿರಿಯನಾದ ನಿವೃತ್ತ ಬಸ್ ಡ್ರೈವರ್.

“ಬೋರ್ಡ್ ಯಾಕೆ ಹಾಕಿಲ್ಲಣ್ಣ? ಬೇಕಿದ್ರೆ ನಾನೇ ಬರ್ಕೊಡ್ತೀನಿ,” ಎಂದ ಪೇಂಟರ್, ಕೂರುವ ಮೊದಲೇ.

“ಬೋರ್ಡ್ ಇದ್ದಿದ್ರೆ ನೀನು ಹತ್ತುತ್ತಿದ್ದೆಯೇನಯ್ಯ, ಬೀದಿಯವರ ಕಣ್ಣೆದುರು?” ಎಂದ ಡ್ರೈವರ್. “ಕೂತ್ಕೋ. ಚಹಾ ಚೆನ್ನಾಗಿಲ್ಲ, ಮೊದಲೇ ಹೇಳಿಬಿಡ್ತೀನಿ.”

ಮನೆಗೆ ಬಂದು, ಹೋಗಿ ಕೂತಿದ್ದೆ ಎಂದ. ಹೆಂಡತಿ ಚೀಲ ಬಿಚ್ಚಲಿಲ್ಲ. ಮುಂದಿನ ವಾರ ಅದರಿಂದ ಒಂದು ಬಟ್ಟೆ ಕಪಾಟಿಗೆ ಹೋಯಿತು, ಅದರಾಚೆ ವಾರ ಇನ್ನೊಂದು. ನಡುವೆ ಒಮ್ಮೆ ಅವನು ಜಾರಿದ. ಎರಡೂ ಬಟ್ಟೆ ಮರಳಿ ಚೀಲ ಸೇರಿದವು. ಅವನು ಮತ್ತೆ ಮೆಟ್ಟಿಲು ಹತ್ತಿದ. ಚೀಲ ಪೂರ್ತಿ ಖಾಲಿಯಾದದ್ದು ಯಾವಾಗ ಎಂದು ಇಬ್ಬರಿಗೂ ನೆನಪಿರಲಿಲ್ಲ.

ಕುಡಿತ ಬಿಟ್ಟರೂ ಚಡಪಡಿಕೆ ಬಿಡಲಿಲ್ಲ. ಮಂಗಳವಾರ ಸಂಜೆ ಕುರ್ಚಿಯಿಂದ ಎದ್ದೆದ್ದು ಕಿಟಕಿಗೆ ಹೋಗುತ್ತಿದ್ದ. ಕೆಳಗೆ ಯಾರಾದರೂ ಹೋದ ಹಾಗೆ ಹೋಗಿ ತಿರುಗಿ ಬರುತ್ತಿದ್ದರೆ ಅವನಿಗೆ ನಡಿಗೆಯಲ್ಲೇ ಗೊತ್ತಾಗುತ್ತಿತ್ತು. ಇಳಿದು ಹೋಗಿ ಬೆಂಕಿಪೊಟ್ಟಣ ಕೇಳುವ ನೆಪದಲ್ಲಿ ಮಾತಿಗೆಳೆದು ಕರೆತರುತ್ತಿದ್ದ. ಹೋದ ತಿಂಗಳು ಒಬ್ಬ ಹಿಂದಿನ ಮೆಟ್ಟಿಲನ್ನೂ ಹತ್ತಿ ಬಂದ. ಹೊರಗೆ ಹೆಜ್ಜೆ ಸದ್ದು ಕೇಳಿ, ಬಾಗಿಲು ತಳ್ಳುತ್ತಾನೆಂದು ಎಲ್ಲರೂ ಕಾದರು. ಪೇಂಟರ್ ಎದ್ದು ತೆರೆಯುವಷ್ಟರಲ್ಲಿ ಸದ್ದು ಕೆಳಗಿಳಿದಿತ್ತು. ಮತ್ತೆ ಅವನು ಬರಲಿಲ್ಲ.

“ಬೋರ್ಡ್ ಬೇಡ, ಸರಿ. ಬಣ್ಣ ಬಳೀಬಹುದು ತಾನೇ?” ಎಂದು ಪೇಂಟರ್ ಪಟ್ಟು ಹಿಡಿದ. “ಹಿಂದಿನ ಮೆಟ್ಟಿಲು, ನೀಲಿ ಬಾಗಿಲು ಅಂತ ಹೇಳಿದ್ರೆ ಸಾಕು. ನೀಲಿ ಯಾರ ಗುಟ್ಟೂ ಬಿಟ್ಟುಕೊಡಲ್ಲ.”

“ಒಂದಕ್ಷರ ಬರೆದ್ಯೋ, ನಿನ್ನನ್ನೇ ನೀಲಿ ಮಾಡ್ತೀನಿ,” ಎಂದ ಡ್ರೈವರ್.

ತೀರಿಕೊಂಡ ಆ ಮಂಗಳವಾರ ಬೆಳಿಗ್ಗೆಯೇ ಅವನು ಒಬ್ಬನೇ ಹೋದ. ಹಳೆ ಬಣ್ಣ ಉಜ್ಜಿ ತೆಗೆದು, ಎರಡು ಕೋಟು ನೀಲಿ ಬಳಿದ. ಅಂಚಿನ ಗೆರೆಯನ್ನು ಪಟ್ಟಿ ಅಂಟಿಸದೆ ಬರಿಗೈಯಲ್ಲೇ ಎಳೆದಿದ್ದ, ಎಲ್ಲೂ ಅಲುಗಿಲ್ಲ. ಸಂಜೆಗೆ ಬರುವವರು ಹಸಿ ಬಣ್ಣ ನೋಡಿ ಮುಟ್ಟಲು ಹಿಂಜರಿದಾರು ಎನಿಸಿರಬೇಕು. ಬಾಗಿಲನ್ನು ಗೋಡೆಯವರೆಗೆ ಪೂರ್ತಿ ತೆರೆದು, ಮುಚ್ಚಿಕೊಳ್ಳದ ಹಾಗೆ ಬಣ್ಣದ ಡಬ್ಬವನ್ನು ಅದಕ್ಕೆ ಒತ್ತಿಟ್ಟ.